ಎರಡನೆಯ ಗಿಟಾರ್: ಈ ಬಾರಿ ಎಲ್ಲ ಅಳತೆಯೂ ನಟ್‌ನಿಂದಲೇ

ತಂತಿನಾದ

ಮೂರು ವರ್ಷಗಳ ಹಿಂದೆ ಕೈಯಾರೆ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡಿದ್ದೆ. ನೋಡಲು ಚೆನ್ನಾಗಿತ್ತು, ನುಡಿಸಲು ಆಗುತ್ತಿರಲಿಲ್ಲ. ಬಿಡಿ ತಂತಿಗಳನ್ನು ಶ್ರುತಿ ಮಾಡಿ ಮೊದಲ ಮೂರು ಫ್ರೆಟ್‌ಗಳೊಳಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಹಿಡಿದರೆ ಹೇಗೋ ಹೊಂದುತ್ತಿತ್ತು. ಕೈ ಏಳನೇ ಫ್ರೆಟ್ ದಾಟಿದರೆ ಪ್ರತಿ ಸ್ವರವೂ ಕಿವಿಗೆ ಚುಚ್ಚುತ್ತಿತ್ತು. ಆರು ತಿಂಗಳು ಗೋಡೆಗೆ ತೂಗುಹಾಕಿದ್ದೆ. ಆಮೇಲೆ ಅದನ್ನು ನೋಡಲಾಗದೆ ಪೆಟ್ಟಿಗೆಗೆ ಹಾಕಿಟ್ಟೆ.

ಕಳೆದ ತಿಂಗಳು ಅದನ್ನು ಹೊರತೆಗೆದು, ತಂತಿ ಬಿಚ್ಚಿ, ಸ್ಟೀಲ್ ಅಳತೆಪಟ್ಟಿ ಇಟ್ಟು ಒಂದೊಂದು ಫ್ರೆಟ್ಟನ್ನೂ ಅಳೆದೆ. ಸ್ಕೇಲ್ ಉದ್ದ, ಅಂದರೆ ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗಿನ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಲೆಕ್ಕದ ಉದ್ದ 648 ಮಿಲಿಮೀಟರ್. ಹಾಗಾಗಿ 12ನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ, 324ಕ್ಕೆ ಬರಬೇಕು. ನನ್ನದು 325.5ರಲ್ಲಿತ್ತು. ಮೂರನೆಯದು 0.4 ಮಿಲಿಮೀಟರ್ ಹಿಂದೆ (ನಟ್ ಕಡೆಗೆ), ಐದನೆಯದು ಸರಿ, ಏಳನೆಯದು 0.7 ಮುಂದೆ. ಕಾರಣ ತಕ್ಷಣ ನೆನಪಾಯಿತು. ಆಗ ನಾನು ಒಂದು ಫ್ರೆಟ್‌ನಿಂದ ಮುಂದಿನ ಫ್ರೆಟ್‌ಗೆ ಅಳೆಯುತ್ತಾ ಹೋಗಿದ್ದೆ. ಪ್ರತಿ ಗೆರೆಯಲ್ಲೂ ಪೆನ್ಸಿಲ್ ಮೊನೆಯಷ್ಟು ತಪ್ಪು, ಆ ತಪ್ಪಿನ ಮೇಲೆ ಮುಂದಿನ ಅಳತೆ. ಹನ್ನೆರಡು ಗೆರೆ ಮುಗಿಯುವಷ್ಟರಲ್ಲಿ ತಪ್ಪುಗಳೆಲ್ಲ ಒಂದರ ಮೇಲೊಂದು ಕೂತಿದ್ದವು.

ಅದೊಂದೇ ಅಲ್ಲ. ನೆಕ್‌ನ (ಗಿಟಾರಿನ ಕತ್ತಿನ) ಬೆನ್ನೊಳಗೆ ಟ್ರಸ್ ರಾಡ್, ಅಂದರೆ ಬಾಗು ತಡೆಯುವ ಲೋಹದ ಸರಳು, ಹಾಕಿರಲಿಲ್ಲ. ಗಟ್ಟಿ ಮರವಿದ್ದರೆ ಸಾಕು ಎಂದುಕೊಂಡಿದ್ದೆ. ಈಗ ಫ್ರೆಟ್‌ಬೋರ್ಡ್ ಮೇಲೆ ನೇರಪಟ್ಟಿ ಇಟ್ಟರೆ ನಡುವೆ ಎರಡು ಮಿಲಿಮೀಟರ್ ಬೆಳಕು ಕಾಣುತ್ತದೆ. ಬ್ರಿಡ್ಜನ್ನು ಕರಾರುವಾಕ್ಕಾಗಿ 648ಕ್ಕೆ ಕೂರಿಸಿದ್ದೆ, ಹಿಂದೆ, ಅಂದರೆ ನಟ್‌ನಿಂದ ದೂರಕ್ಕೆ, ಸರಿಸಲು ಜಾಗವನ್ನೇ ಬಿಟ್ಟಿರಲಿಲ್ಲ. ಆಂಪ್ಲಿಫೈಯರ್‌ಗೆ ಜೋಡಿಸಿದರೆ ಸ್ವರಕ್ಕಿಂತ ಮೊದಲು ಗುಂಯ್ ಎನ್ನುವ ಸದ್ದೇ ಬರುತ್ತಿತ್ತು.

ಎರಡನೆಯದನ್ನು ಶುರು ಮಾಡುತ್ತಿದ್ದೇನೆ. ಮಹಾಗನಿ ಬಾಡಿ, ಮೇಪಲ್ ನೆಕ್, ಬೀಟೆಯ ಫ್ರೆಟ್‌ಬೋರ್ಡ್, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಹಂಬಕರ್ ಪಿಕಪ್, ನಾಲ್ಕು ಸ್ಕ್ರೂಗಳಲ್ಲಿ ಕೂರುವ ನೆಕ್. ಈ ಬಾರಿ ಮರ ಮುಟ್ಟುವ ಮೊದಲು ಗಿಟಾರಿನ ಪೂರ್ಣ ಅಳತೆಯ ಚಿತ್ರ ಬರೆದಿದ್ದೇನೆ, ಮೇಲಿನಿಂದ ಒಂದು, ಪಕ್ಕದಿಂದ ಒಂದು. ಎರಡರಲ್ಲೂ ಉದ್ದಕ್ಕೆ ಒಂದು ಮಧ್ಯರೇಖೆ. ಉದ್ದದ ಅಳತೆಗಳೆಲ್ಲ ನಟ್‌ನ ಮುಖದಿಂದ, ಅಗಲದ ಅಳತೆಗಳೆಲ್ಲ ಆ ರೇಖೆಯಿಂದ. ಹಿಂದಿನ ಭಾಗವನ್ನು ನಂಬಿ ಮುಂದಿನದನ್ನು ಅಳೆಯುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಅನುಭವಿಗಳು ಈಗಲೇ ತಿದ್ದಿದರೆ ಉಪಕಾರವಾಗುತ್ತದೆ.

ಆರುತಂತಿ

ಹಳೆಯದನ್ನು ಕೈಬಿಡುವ ಮೊದಲು ಒಂದು ಪ್ರಶ್ನೆ. 12ನೇ ಫ್ರೆಟ್ 1.5 ಮಿಲಿಮೀಟರ್ ಮುಂದಿದ್ದರೆ ಬ್ರಿಡ್ಜನ್ನು ಅದಕ್ಕೆ ತಕ್ಕಂತೆ ಮೂರು ಮಿಲಿಮೀಟರ್ ಹಿಂದಕ್ಕೆ ಸರಿಸಬಹುದಲ್ಲ? ಆಗ ಅಷ್ಟಮಸ್ವರ, ಅಂದರೆ ಬಿಡಿ ತಂತಿಯ ಸ್ವರದ ಒಂದು ಸ್ಥಾಯಿ ಮೇಲಿನ ಸ್ವರ, ಸರಿಯಾಗುತ್ತದೆ. ನಾನು ನುಡಿಸುವವನು, ಮಾಡುವವನಲ್ಲ. ಆದರೆ ಅಷ್ಟು ದುಡಿದ ವಾದ್ಯವನ್ನು ಪೆಟ್ಟಿಗೆಯಲ್ಲಿ ಇಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ.

ತಂತಿನಾದ

ನಾನೂ ಅದನ್ನೇ ಯೋಚಿಸಿ ಲೆಕ್ಕ ಹಾಕಿದೆ. ಎಲ್ಲ ಫ್ರೆಟ್‌ಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರೆ ನೀವು ಹೇಳಿದ ಉಪಾಯ ಪೂರ್ತಿ ಫಲಿಸುತ್ತಿತ್ತು; ಅದು ಸ್ವಲ್ಪ ಉದ್ದನೆಯ ಸ್ಕೇಲಿನ ಗಿಟಾರ್ ಆಗುತ್ತಿತ್ತು ಅಷ್ಟೆ. ನನ್ನಲ್ಲಿ ಒಂದು ಹಿಂದೆ, ಒಂದು ಸರಿ, ಒಂದು ಮುಂದೆ. 12ನೆಯದಕ್ಕೆ ಬ್ರಿಡ್ಜ್ ಹೊಂದಿಸಿದರೆ ಈಗ ಸರಿ ಇರುವ ಐದನೆಯದು ಕೆಡುತ್ತದೆ. 12ನೇ ಫ್ರೆಟ್‌ನ ಬಳಿ ಒಂದು ಮಿಲಿಮೀಟರ್ ಎಂದರೆ ಐದು ಸೆಂಟ್‌ಗಿಂತ ತುಸು ಹೆಚ್ಚು. ಒಂದು ಅರ್ಧಸ್ವರಕ್ಕೆ, ಅಂದರೆ ಒಂದು ಫ್ರೆಟ್‌ನ ಅಂತರಕ್ಕೆ, ನೂರು ಸೆಂಟ್. ಹಾಗಾಗಿ ಅಲ್ಲಿ ಸುಮಾರು 8 ಸೆಂಟ್ ಏರಿತ್ತು. ತಂತಿ ಒತ್ತಿದಾಗ ಬಿಗಿ ಹೆಚ್ಚಾಗಿ ಸ್ವರ ಇನ್ನಷ್ಟು ಏರುತ್ತದೆ. ನೆಕ್ ಬಾಗಿ ತಂತಿ ಎತ್ತರದಲ್ಲಿದ್ದುದರಿಂದ ಒತ್ತುವ ದೂರವೂ ಹೆಚ್ಚು. ಎಲ್ಲವೂ ಒಂದೇ ದಿಕ್ಕಿಗೆ ಕೂಡಿಕೊಂಡಿದ್ದವು.

ಹೊಸಕಲಿಕೆ

ನಮಸ್ಕಾರ. ನಾನು ಇನ್ನೂ ಮರ ಮುಟ್ಟಿಲ್ಲ, ಓದುತ್ತಿದ್ದೇನೆ. ಫ್ರೆಟ್ ಲೆಕ್ಕಕ್ಕೆ ಒಂದು ಕಡೆ 18ರಿಂದ ಭಾಗಿಸಿ ಎಂದಿದೆ, ಇನ್ನೊಂದು ಕಡೆ 17.817 ಎಂದಿದೆ. ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ತಿಳಿಯುತ್ತದೆಯೇ?

ಉಳಿಬಾಚಿ

ತಿಳಿಯುತ್ತದೆ. 18ರ ಲೆಕ್ಕ ಹಳೆಯದು. 16ನೇ ಶತಮಾನದಲ್ಲಿ ಲ್ಯೂಟ್ ವಾದ್ಯಕ್ಕೆ ವಿನ್ಚೆಂಜೊ ಗೆಲಿಲಿ ಇದನ್ನು ಹೇಳಿದ್ದ. ಖಗೋಳಶಾಸ್ತ್ರಜ್ಞ ಗೆಲಿಲಿಯೊನ ತಂದೆ ಅವನು. ಉಳಿದ ಉದ್ದದ ಹದಿನೆಂಟನೇ ಒಂದು ಭಾಗವನ್ನು ಪ್ರತಿ ಬಾರಿಯೂ ಕಳೆಯುತ್ತಾ ಹೋದರೆ 648ರ ಸ್ಕೇಲಿನಲ್ಲಿ 12ನೇ ಫ್ರೆಟ್ 321.6ಕ್ಕೆ ಬಂದು ನಿಲ್ಲುತ್ತದೆ. ಅರ್ಧಕ್ಕೆ ಇನ್ನೂ 2.4 ಮಿಲಿಮೀಟರ್ ಬೇಕು. ಒತ್ತಿದಾಗ ಸ್ವರ ಏರುವ ಗುಣ ಈ ಕೊರತೆಯನ್ನು ಕೊಂಚ ತುಂಬುತ್ತಿತ್ತು, ಆದ್ದರಿಂದ ಆ ಕಾಲದ ವಾದ್ಯಗಳಲ್ಲಿ ನಡೆಯಿತು. ಈಗಿನ ಸಮ ಅಂತರದ ಶ್ರುತಿಗೆ 2ರ ಹನ್ನೆರಡನೆಯ ಮೂಲ, ಅಂದರೆ 1.05946 ಬೇಕು. 17.817 ಹುಟ್ಟುವುದು ಅದರಿಂದಲೇ.

ಭಾಗಿಸುತ್ತಾ ಹೋಗಬೇಡಿ. ನಟ್‌ನಿಂದ ಪ್ರತಿ ಫ್ರೆಟ್‌ಗೂ ಎಷ್ಟು ದೂರ ಎಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. 648ಕ್ಕೆ ಮೊದಲನೆಯದು 36.37, ಎರಡನೆಯದು 70.70, ಐದನೆಯದು 162.55, ಏಳನೆಯದು 215.51, ಹನ್ನೆರಡನೆಯದು 324. ಅಳತೆಪಟ್ಟಿಯನ್ನು ಒಮ್ಮೆ ಬಿಗಿದ ಮೇಲೆ 22 ಗೆರೆಯೂ ಮುಗಿಯುವವರೆಗೆ ಅದನ್ನು ಕದಲಿಸಬಾರದು. ಪೆನ್ಸಿಲ್ ಬೇಡ, ಚೂಪಾದ ಚಾಕುವಿನ ಮೊನೆಯಿಂದ ಗೀರಿ. ಪೆನ್ಸಿಲ್ ಗೆರೆಗೆ ದಪ್ಪ ಇರುತ್ತದೆ. ಚಾಕುವಿನ ಗೀರಿಗೆ ಗರಗಸ ತಾನೇ ಹೋಗಿ ಕೂರುತ್ತದೆ.

ತಂತಿನಾದ ಅವರಿಗೆ: ನೆಕ್‌ನ ಮರದ ತುದಿ ನೋಡಿ. ವಲಯಗಳ ಗೆರೆ ಫ್ರೆಟ್‌ಬೋರ್ಡಿಗೆ ಲಂಬವಾಗಿ ನಿಂತಿದೆಯೇ, ಅಡ್ಡಡ್ಡ ಮಲಗಿದೆಯೇ? ನಿಂತಿದ್ದರೆ ಒಳ್ಳೆಯದು, ಹವೆಯ ತೇವಕ್ಕೆ ಕಡಿಮೆ ಬಾಗುತ್ತದೆ. ಮರ ಎಷ್ಟು ಒಣಗಿದೆ ಎಂಬುದನ್ನೂ ತಿಳಿಸಿ. ಒರಟಾಗಿ ಕತ್ತರಿಸಿದ ಮೇಲೆ ಕನಿಷ್ಠ ಎರಡು ವಾರ ಸುಮ್ಮನೆ ಬಿಡಿ. ಒಳಗಿನ ಬಿಗಿ ಸಡಿಲವಾಗಿ ಮರ ತನಗೆ ಬೇಕಾದ ಕಡೆಗೆ ತಿರುಚಿಕೊಳ್ಳಲಿ, ಆಮೇಲೆ ಹತ್ತರಿ ಹೊಡೆದು ನೇರ ಮಾಡಿ.

ಆರುತಂತಿ

ಒಣಗಿದ ಮರ ಎಂದಾಗ ನೆನಪಾಯಿತು. ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯನ್ ಮೇ ತಮ್ಮ ತಂದೆಯೊಂದಿಗೆ 1963ರಲ್ಲಿ ಮನೆಯಲ್ಲೇ ಮಾಡಲು ತೊಡಗಿದ ಗಿಟಾರಿನ ನೆಕ್ ಹಳೆಯ ಅಗ್ಗಿಷ್ಟಿಕೆಯ ಮೇಲಿನ ಮರದ ಹಲಗೆಯಿಂದ ಬಂದದ್ದು. ದಶಕಗಳ ಕಾಲ ಬೆಂಕಿಯ ಕಾವಿನಲ್ಲಿ ಒಣಗಿದ ಮಹಾಗನಿ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದರು. ಸ್ವರವನ್ನು ಅಲುಗಿಸುವ ಟ್ರೆಮೊಲೊ ಹಿಡಿಗೆ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಫ್ರೆಟ್‌ಬೋರ್ಡಿನ ಗುರುತುಗಳಿಗೆ ಅಮ್ಮನ ಗುಂಡಿ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಕ್ವೀನ್ ತಂಡದ ಧ್ವನಿಮುದ್ರಣಗಳಲ್ಲಿ ಕೇಳುವುದು ಹೆಚ್ಚಾಗಿ ಅದೇ ಗಿಟಾರ್. ಹಳೆಯ ಮೇಜು, ಬಾಗಿಲ ಚೌಕಟ್ಟು ಸಿಕ್ಕರೆ ಬಿಡಬೇಡಿ.

ತಂತಿನಾದ

ಎಲ್ಲರಿಗೂ ವಂದನೆ. ಮೇಪಲ್ ತುಂಡಿನ ವಲಯಗಳು ಲಂಬವಾಗಿಯೇ ಇವೆ. ಒರಟು ಕತ್ತರಿಕೆ ಮುಗಿಸಿ ಮೂರು ವಾರ ಕಪಾಟಿನ ಮೇಲೆ ಇಟ್ಟಿದ್ದೆ. ಉಳಿಬಾಚಿ ಅವರ ಮಾತು ನಿಜವಾಯಿತು: ಒಂದು ತುದಿ ಸುಮಾರು ಒಂದು ಮಿಲಿಮೀಟರ್ ತಿರುಚಿಕೊಂಡಿತ್ತು. ಆ ತಿರುಚನ್ನು ಅಂಟು ಹಾಕುವ ಮೊದಲೇ ಹತ್ತರಿಯಲ್ಲಿ ತೆಗೆದೆ. ಹಿಂದಿನ ಸಲ ಈ ತಿರುಚು ಗಿಟಾರ್ ಮುಗಿದ ಮೇಲೆ ಬಂದಿತ್ತು.

ಟ್ರಸ್ ರಾಡಿನ ತೋಡನ್ನು ಮಧ್ಯರೇಖೆಯ ಮೇಲೆಯೇ ರೂಟರ್ ಎಂಬ ಮರ ಕೊರೆಯುವ ಯಂತ್ರದಿಂದ ಕೊರೆದೆ. ಎರಡು ದಿಕ್ಕಿಗೂ ತಿರುಗುವ ರಾಡ್. ತಂತಿಯ ಎಳೆತಕ್ಕೆ ಎದುರಾಗಿಯೂ, ಬೇಕಾದರೆ ಅದರ ಕಡೆಗೂ ನೆಕ್ಕನ್ನು ಬಾಗಿಸಬಹುದು. 10ರಿಂದ 46ರ ತಂತಿಗಳು (ದಪ್ಪ ಇಂಚಿನ ಸಾವಿರದ ಭಾಗಗಳಲ್ಲಿ) ಶ್ರುತಿಯಲ್ಲಿದ್ದಾಗ ಆರೂ ಸೇರಿ ಸುಮಾರು 45 ಕಿಲೋ ಎಳೆಯುತ್ತವೆ. ಇಷ್ಟು ಭಾರವನ್ನು ಬೆರಳೆರಡರ ದಪ್ಪದ ಮರವೊಂದೇ ವರ್ಷಗಟ್ಟಲೆ ಹೊರಲಿ ಎಂದು ನಾನು ಬಯಸಿದ್ದೆ. ಗಿಬ್ಸನ್ ಕಂಪನಿ ಹೊಂದಿಸಬಹುದಾದ ಟ್ರಸ್ ರಾಡನ್ನು 1920ರ ದಶಕದಲ್ಲೇ ಬಳಕೆಗೆ ತಂದಿತ್ತು. ನೂರು ವರ್ಷದಿಂದ ಎಲ್ಲರ ಕಣ್ಣೆದುರು ಇದ್ದ ಪಾಠ.

ಫ್ರೆಟ್ ಸೀಳುಗಳ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಬೀಟೆಯ ಹಲಗೆಯನ್ನು ಬೆಂಚಿಗೆ ಬಿಗಿದು, ಅಳತೆಪಟ್ಟಿಯನ್ನು ಎರಡು ಕ್ಲಾಂಪ್‌ಗಳಲ್ಲಿ ಹಿಡಿಸಿ, ಭೂತಗನ್ನಡಿ ಹಿಡಿದು ಒಂದೊಂದೇ ಗೀರು ಹಾಕಿದೆ. ಗೀರಿದ ಕಡೆ ಕಪ್ಪು ಮರದಲ್ಲಿ ಕೂದಲೆಳೆಯ ಬಿಳಿ ಗೆರೆ ಏಳುತ್ತದೆ, ಉಸಿರು ಬಿಟ್ಟರೆ ಹುಡಿ ಹಾರಿ ಗೆರೆ ಮತ್ತೆ ಕಪ್ಪಾಗುತ್ತದೆ. ಮೂಲೆಮಟ್ಟಕ್ಕೆ ಒಂದು ಚೌಕದ ಮರದ ತುಂಡನ್ನು ಸೇರಿಸಿ, ಗರಗಸದ ಅಲಗು ಅದಕ್ಕೆ ಒರಗಿಕೊಂಡೇ ಓಡುವ ಹಾಗೆ ಮಾಡಿದೆ. ಸೀಳಿನ ಅಗಲ 0.6 ಮಿಲಿಮೀಟರ್. ಮೊದಲ ಎರಡು ಎಳೆತ ಹಿಂದಕ್ಕೆ ಮಾತ್ರ, ಕೈಯ ಭಾರ ಹಾಕದೆ. ಆಮೇಲೆ ಗರಗಸ ದಾರಿ ಬಿಡುವುದಿಲ್ಲ. ಹಲಗೆಯ ಅಂಚುಗಳನ್ನು ಓರೆಯಾಗಿ ಕತ್ತರಿಸುವುದು ಸೀಳು ಮುಗಿದ ಮೇಲೆಯೇ. ಓರೆ ಅಂಚಿಗೆ ಮೂಲೆಮಟ್ಟ ಇಟ್ಟರೆ ಸೀಳೂ ಓರೆಯಾಗುತ್ತದೆ.

ಮುಗಿಸಿ ಮತ್ತೆ ಅಳೆದೆ. ಅತಿ ಹೆಚ್ಚಿನ ತಪ್ಪು 0.15, 17ನೇ ಫ್ರೆಟ್‌ನಲ್ಲಿ. 12ನೆಯದು 324.

ಹೊಸಕಲಿಕೆ

ನೆಕ್‌ನ ಬೆನ್ನು ಕೆತ್ತುವುದನ್ನು ಹೇಗೆ ಮಾಡಿದಿರಿ? ನನಗೆ ಎಲ್ಲಕ್ಕಿಂತ ಭಯ ಅದೇ. ಹೆಚ್ಚು ಕೆತ್ತಿ ಟ್ರಸ್ ರಾಡ್ ಹೊರಗೆ ಬಂದರೆ?

ತಂತಿನಾದ

ಮೊದಲು ಎರಡು ಕಡೆ ಮಾತ್ರ ಅಂತಿಮ ಆಕಾರಕ್ಕೆ ಕೆತ್ತಿ: ಮೊದಲ ಫ್ರೆಟ್‌ನ ಹಿಂದೆ ಒಂದು, ಹನ್ನೆರಡರ ಹಿಂದೆ ಒಂದು. ಫ್ರೆಟ್‌ಬೋರ್ಡ್ ಸೇರಿ ದಪ್ಪ ಮೊದಲನೆಯಲ್ಲಿ 21 ಮಿಲಿಮೀಟರ್, ಹನ್ನೆರಡರಲ್ಲಿ 23 ಇಟ್ಟುಕೊಂಡೆ. ತೋಡಿನ ತಳದ ಕೆಳಗೆ ಎಷ್ಟು ಮರ ಉಳಿಯುತ್ತದೆ ಎಂಬುದನ್ನು ಪಕ್ಕದ ನೋಟದ ಚಿತ್ರದಲ್ಲೇ ಅಳೆದು ನೋಡಿ, ಮೂರು ಮಿಲಿಮೀಟರಿಗಿಂತ ಕಡಿಮೆಯಾದರೆ ದಪ್ಪ ಹೆಚ್ಚಿಸಿ. ಎರಡು ಕಡೆ ಸರಿಯಾದ ಮೇಲೆ ನಡುವಿನದನ್ನು ಒರಟು ಅರದಿಂದ ನೇರವಾಗಿ ಕೂಡಿಸುತ್ತಾ ಬಂದರಾಯಿತು. ಮೂಲೆಯನ್ನು ಒಮ್ಮೆಗೇ ದುಂಡಗೆ ಮಾಡಲು ಹೋಗಬೇಡಿ. ಮೊದಲು ಚಪ್ಪಟೆ ಮುಖಗಳಾಗಿ ಕತ್ತರಿಸಿ, ಆ ಮುಖಗಳ ನಡುವಿನ ಏಣುಗಳನ್ನು ಮತ್ತೆ ಕತ್ತರಿಸಿ. ಕೊನೆಯಲ್ಲಿ ಕಣ್ಣು ಮುಚ್ಚಿ ಅಂಗೈ ಓಡಿಸಿದರೆ ಕಣ್ಣಿಗೆ ಕಾಣದ ಉಬ್ಬು ಹೆಬ್ಬೆರಳಿಗೆ ಸಿಗುತ್ತದೆ.

ಬೆಸುಗೆಕಡ್ಡಿ

ಮರದ ಚರ್ಚೆ ನಡೆಯುತ್ತಿದೆ, ನಾನು ಆ ಗುಂಯ್ ಸದ್ದಿಗೆ ಬರುತ್ತೇನೆ. ಹಳೆಯ ಗಿಟಾರಿನಲ್ಲಿ ತಂತಿಯನ್ನು ಕೈಯಿಂದ ಮುಟ್ಟಿದಾಗ ಸದ್ದು ಇಳಿಯುತ್ತಿತ್ತೇ, ಹಾಗೆಯೇ ಇರುತ್ತಿತ್ತೇ?

ತಂತಿನಾದ

ಹಾಗೆಯೇ ಇರುತ್ತಿತ್ತು.

ಬೆಸುಗೆಕಡ್ಡಿ

ಹಾಗಾದರೆ ಬ್ರಿಡ್ಜ್‌ಗೆ ಗ್ರೌಂಡ್ ತಂತಿ ಇಲ್ಲ, ಅಥವಾ ಇದ್ದರೂ ತಾಗುತ್ತಿಲ್ಲ. ಮನೆಯ ವಿದ್ಯುತ್ತಿನ 50 ಅಥವಾ 60 ಹರ್ಟ್ಸ್ ಕಂಪನವನ್ನು ನಮ್ಮ ಮೈ ಹೀರಿಕೊಂಡು ಗಿಟಾರಿಗೆ ದಾಟಿಸುತ್ತದೆ. ಬ್ರಿಡ್ಜ್‌ನಿಂದ ಒಂದು ತಂತಿ ವಾಲ್ಯೂಮ್ ಪಾಟ್‌ನ (ಸದ್ದು ಏರಿಳಿಸುವ ತಿರುಗುಗುಂಡಿಯ) ಬೆನ್ನಿಗೆ ಹೋದರೆ, ನುಡಿಸುವವನ ಕೈ ಗಿಟಾರ್ ತಂತಿಗೆ ತಾಗಿದಾಗ ಅವನ ಮೈಯೂ ಗ್ರೌಂಡಿಗೆ ಸೇರುತ್ತದೆ. ಬ್ರಿಡ್ಜ್ ಕೂರಿಸುವ ಮೊದಲೇ ಪಾಟ್‌ಗಳ ಗುಳಿಯಿಂದ ಬ್ರಿಡ್ಜ್ ಜಾಗಕ್ಕೆ ಉದ್ದನೆಯ ಡ್ರಿಲ್‌ನಿಂದ ರಂಧ್ರ ಕೊರೆದಿಡಿ. ಬಣ್ಣ ಮುಗಿದ ಮೇಲೆ ನೆನಪಾದರೆ ಸಂಕಟ.

ನೀವು ಹಂಬಕರ್ ಆರಿಸಿದ್ದೀರಿ, ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ. ಅದರ ಎರಡು ಸುರುಳಿಗಳಲ್ಲಿ ಆಯಸ್ಕಾಂತದ ಧ್ರುವವೂ ವಿದ್ಯುತ್ತು ಹರಿಯುವ ದಿಕ್ಕೂ ಎದುರುಬದುರು. ತಂತಿಯ ಸಂಕೇತ ಎರಡರಲ್ಲೂ ಕೂಡಿಕೊಳ್ಳುತ್ತದೆ, ಹೊರಗಿನಿಂದ ಬಂದ ಗುಂಯ್ ಒಂದನ್ನೊಂದು ಕಳೆದುಕೊಳ್ಳುತ್ತದೆ. ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಿನ್ಯಾಸ ಇದು. ಆದರೂ ಪಾಟ್‌ಗಳ ಗುಳಿಗೆ ತಾಮ್ರದ ಹಾಳೆ ಅಂಟಿಸಿ, ಹಾಳೆಯನ್ನೂ ಗ್ರೌಂಡಿಗೆ ಸೇರಿಸಿ. 500 ಕಿಲೋ ಓಮ್ ಪಾಟ್, ಟೋನ್‌ಗೆ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು. ಪಾಟ್‌ನ ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹ ಚೆನ್ನಾಗಿ ಕಾದ ಮೇಲೆ ಸೀಸ ಮುಟ್ಟಿಸಿ. ಕಾಯದ ಲೋಹದ ಮೇಲೆ ಬೆಸುಗೆ ಹನಿಯಾಗಿ ಕೂರುತ್ತದೆ, ಹಿಡಿದುಕೊಳ್ಳುವುದಿಲ್ಲ.

ತಂತಿ ಹಾಕುವ ಮೊದಲೇ ಪರೀಕ್ಷಿಸಿ. ವಾಲ್ಯೂಮ್ ಪೂರ್ತಿ ತೆರೆದು ಜ್ಯಾಕಿನಲ್ಲಿ ಮಲ್ಟಿಮೀಟರ್ ಇಡಿ. 8 ಕಿಲೋ ಓಮ್‌ನ ಪಿಕಪ್ ಆದರೆ 7.9ರ ಆಸುಪಾಸು ತೋರಿಸಬೇಕು, ಪಾಟ್ ಸಮಾಂತರವಾಗಿ ಸೇರುವುದರಿಂದ ಸ್ವಲ್ಪ ಕಡಿಮೆ. ಸೊನ್ನೆ ಬಂದರೆ ಎಲ್ಲೋ ತಾಗಿಕೊಂಡಿದೆ. 500 ಬಂದರೆ ಪಿಕಪ್ ಸೇರಿಯೇ ಇಲ್ಲ.

ಆರುತಂತಿ

ಮಹಾಗನಿಯ ನಾದ ಬೆಚ್ಚಗಿರುತ್ತದೆ. ಒಳ್ಳೆಯ ಆಯ್ಕೆ.

ಬೆಸುಗೆಕಡ್ಡಿ

ಇದನ್ನು ನಾನು ಒಪ್ಪುವುದಿಲ್ಲ. ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಚಲನೆಯನ್ನು, ಮರದ ಸದ್ದನ್ನಲ್ಲ. ಪಿಕಪ್ ಬ್ರಿಡ್ಜ್‌ನಿಂದ ಎಷ್ಟು ದೂರವಿದೆ, ತಂತಿಗೆ ಎಷ್ಟು ಹತ್ತಿರವಿದೆ ಎಂಬುದು ಬದಲಾದರೆ ಯಾರ ಕಿವಿಗೂ ತಿಳಿಯುತ್ತದೆ. ಮರ ಗಟ್ಟಿಯಾಗಿರಲಿ, ಒಣಗಿರಲಿ, ಸ್ಕ್ರೂ ಹಿಡಿಯಲಿ, ಹೆಗಲಿಗೆ ಭಾರವಾಗದಿರಲಿ. ಅದಕ್ಕಿಂತ ಹೆಚ್ಚಿನ ಚಿಂತೆ ಬೇಡ.

ಉಳಿಬಾಚಿ

ಈ ವಾದಕ್ಕೆ ಪ್ರತ್ಯೇಕ ಎಳೆ ಬೇಕು. ಇಲ್ಲಿ ನೆಕ್ ಕೂರುವ ಗುಳಿಯ ಬಗ್ಗೆ ಕೇಳೋಣ. ಎಲ್ಲಿಗೆ ಬಂತು?

ತಂತಿನಾದ

ಅಲ್ಲಿ ಈ ಬಾರಿಯೂ ತಪ್ಪಾಯಿತು, ಆದರೆ ಸಿಕ್ಕಿಬಿತ್ತು.

ಗುಳಿಯನ್ನು 16 ಮಿಲಿಮೀಟರ್ ಆಳಕ್ಕೆ ರೂಟರ್‌ನಿಂದ ಕೊರೆದು ನೆಕ್ ಕೂರಿಸಿ ನೋಡಿದೆ. ಬಿಗಿಯಾಗಿಯೇ ಕೂತಿತು. ಹಿಂದಿನ ಸಲ ಇಷ್ಟಕ್ಕೇ ತೃಪ್ತನಾಗಿ ಬ್ರಿಡ್ಜ್‌ನ ರಂಧ್ರ ಕೊರೆದಿದ್ದೆ. ಈ ಸಲ ಕೊರೆಯುವ ಮೊದಲು ಹೊಲಿಗೆಯ ದಾರ ತೆಗೆದುಕೊಂಡು, ನಟ್‌ನ ಎರಡು ಹೊರ ತಂತಿಗಳ ಜಾಗದಿಂದ ಬ್ರಿಡ್ಜ್‌ವರೆಗೆ ಎಳೆದು ಟೇಪ್ ಅಂಟಿಸಿದೆ. ಕೊನೆಯ ಫ್ರೆಟ್‌ನ ಬಳಿ ಒಂದು ದಾರ ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗಿದೆ, ಇನ್ನೊಂದು ಎರಡೇ. ಉದ್ದನೆಯ ನೇರಪಟ್ಟಿಯನ್ನು ನೆಕ್‌ನ ಮಧ್ಯರೇಖೆಗೆ ಹೊಂದಿಸಿ ಇಟ್ಟರೆ ಬ್ರಿಡ್ಜ್ ಬಳಿ ಬಾಡಿಯ ಮಧ್ಯರೇಖೆಯಿಂದ ಒಂದೂವರೆ ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತಿತ್ತು. ಗುಳಿಯ ಗೋಡೆಯಲ್ಲಿ ಬರೀ ಅರ್ಧ ಮಿಲಿಮೀಟರ್ ಓರೆ. ಅಷ್ಟು ಓರೆ ಬ್ರಿಡ್ಜ್ ತಲುಪುವಷ್ಟರಲ್ಲಿ ಮೂರು ಪಟ್ಟಾಗುತ್ತದೆ.

ಒಂದು ಗೋಡೆಯನ್ನು ಉಳಿಯಿಂದ ತುಸು ಕೆರೆದು, ಎದುರಿನ ಗೋಡೆಗೆ ಮಹಾಗನಿಯ ತೆಳು ಪಟ್ಟಿ ಅಂಟಿಸಿದೆ. ದಾರ ಮತ್ತೆ ಎಳೆದಾಗ ಎರಡೂ ಕಡೆ ಮೂರು ಮೂರು. ಆಮೇಲೆಯೇ ಬ್ರಿಡ್ಜ್ ಕೊರೆದೆ. ಸಣ್ಣ ಇ ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ, ಸರಿಸಬಹುದಾದ ತುಂಡು) ಬಹುತೇಕ ಪೂರ್ತಿ ಮುಂದಿದ್ದಾಗ 648ಕ್ಕೆ ಬರುವಂತೆ, ಹಿಂದಕ್ಕೆ ಸರಿಯಲು ಎಲ್ಲಕ್ಕೂ ಜಾಗ ಉಳಿಯುವಂತೆ.

ಉಳಿಬಾಚಿ

ಪಟ್ಟಿ ಅಂಟಿಸಿದ್ದು ಸರಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಸ್ಕ್ರೂ ಹಾಕುವಾಗ ಒಂದು ಗಮನಿಸಿ: ಬಾಡಿಯ ರಂಧ್ರಗಳಲ್ಲಿ ಸ್ಕ್ರೂ ಸಡಿಲವಾಗಿ ಜಾರಬೇಕು, ಅದರ ಮರೆಗಳು (ಸುರುಳಿ ಗೆರೆಗಳು) ನೆಕ್‌ನ ಮರವನ್ನು ಮಾತ್ರ ಹಿಡಿಯಬೇಕು. ಎರಡೂ ಮರದಲ್ಲಿ ಮರೆ ಹಿಡಿದರೆ ನಡುವಿನ ಸಂದು ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ.

ತಂತಿನಾದ

ಹಾಗೆಯೇ ಮಾಡಿದ್ದೇನೆ. ಬಣ್ಣ ಬಳಿಯಲಿಲ್ಲ, ಎಣ್ಣೆ ಮಾತ್ರ. 120ರಿಂದ 320ರವರೆಗೆ ಉಪ್ಪುಕಾಗದ, ನಾಲ್ಕು ಸಲ ತೆಳುವಾಗಿ ಎಣ್ಣೆ.

ಫ್ರೆಟ್ ಬಡಿದ ಮೇಲೆ ಎಲ್ಲದರ ತಲೆಗೂ ಮಾರ್ಕರ್ ಪೆನ್ನಿನಿಂದ ಶಾಯಿ ಬಳಿದೆ. ನೆಕ್ಕನ್ನು ರಾಡಿನಿಂದ ನೇರ ಮಾಡಿಕೊಂಡು, ಉಪ್ಪುಕಾಗದ ಅಂಟಿಸಿದ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ಉದ್ದಕ್ಕೂ ಒಂದೇ ಭಾರದಲ್ಲಿ ಎಳೆದೆ. ಎತ್ತರದ ಫ್ರೆಟ್‌ಗಳ ಶಾಯಿ ಮೊದಲ ಎಳೆತಕ್ಕೇ ಹೋಗಿ ಲೋಹ ಹೊಳೆಯಿತು. 9, 14, 15 ಮಾತ್ರ ಕಪ್ಪಾಗಿಯೇ ಉಳಿದವು. ಅವುಗಳ ಶಾಯಿಯೂ ಕೂದಲೆಳೆಯಷ್ಟು ಅಳಿಯುವವರೆಗೆ ಎಳೆದು, ಅಲ್ಲಿಗೆ ನಿಲ್ಲಿಸಿದೆ. ಆಮೇಲೆ ಚಪ್ಪಟೆಯಾದ ತಲೆಗಳಿಗೆ ಮತ್ತೆ ಶಾಯಿ ಹಚ್ಚಿ, ಅರದಿಂದ ದುಂಡಗೆ ಮಾಡುತ್ತಾ, ನಡುವೆ ಒಂದು ತೆಳು ಕಪ್ಪು ಗೆರೆ ಉಳಿಯುವಂತೆ ನೋಡಿಕೊಂಡೆ. ಸ್ವರ ಹುಟ್ಟುವ ಜಾಗ ಆ ಗೆರೆಯೇ.

ನಿನ್ನೆ ರಾತ್ರಿ ತಂತಿ ಹಾಕಿದೆ. ಮೂಳೆಯ ನಟ್‌ನಲ್ಲಿ ತಂತಿ ಕೂರುವ ತೋಡುಗಳನ್ನು ಕೊನೆಗೆ ಇಳಿಸಿದೆ: ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್‌ನ ಮೇಲೆ ಕಾಗದದ ದಪ್ಪದ ಸಂದು ಉಳಿಯುವವರೆಗೆ. ಶ್ರುತಿ ಮಾಡಿ 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಸೋಕಿ) ನುಡಿಸಿದೆ, ಅದೇ ಫ್ರೆಟ್ ಒತ್ತಿ ನುಡಿಸಿದೆ. ಟ್ಯೂನರಿನ ಮುಳ್ಳು ಒಂದೇ ಜಾಗದಲ್ಲಿ ನಿಲ್ಲುವವರೆಗೆ ಸ್ಯಾಡಲ್ ಸರಿಸಿದೆ. ಸಣ್ಣ ಇ ತಂತಿಗೆ 2 ಮಿಲಿಮೀಟರ್, ದಪ್ಪ ಇ ತಂತಿಗೆ 4.5 ಹಿಂದಕ್ಕೆ ಹೋಯಿತು. ಏಳನೇ ಫ್ರೆಟ್‌ನಲ್ಲಿ ಕಾರ್ಡ್ ಹಿಡಿದೆ. ಆರೂ ತಂತಿ ಒಂದೇ ಮಾತು ಆಡಿದವು. ಮೂರು ವರ್ಷದ ಹಿಂದೆ ಕೈ ನಿಂತುಹೋಗಿದ್ದ ಅದೇ ಜಾಗ. ಬಹಳ ಹೊತ್ತು ಅದೊಂದೇ ಕಾರ್ಡ್ ನುಡಿಸಿದೆ.

ಬೆಸುಗೆಕಡ್ಡಿ

ತುಂಬಾ ಸಂತೋಷವಾಯಿತು. ಗುಂಯ್?

ತಂತಿನಾದ

ಕಿವಿಯನ್ನು ಸ್ಪೀಕರಿಗೆ ಹತ್ತಿರ ತಂದರೆ ಕೇಳುತ್ತದೆ, ತಂತಿ ಮುಟ್ಟಿದರೆ ಇಲ್ಲ. ಜ್ಯಾಕಿನಲ್ಲಿ 7.8 ತೋರಿಸುತ್ತಿದೆ.

ಹೊಸಕಲಿಕೆ

ಹಳೆಯ ಗಿಟಾರನ್ನು ಏನು ಮಾಡುತ್ತೀರಿ?

ತಂತಿನಾದ

ಬಾಡಿ ಚೆನ್ನಾಗಿದೆ. ಅದರ ನೆಕ್‌ನಿಂದ ಫ್ರೆಟ್‌ಬೋರ್ಡನ್ನು ಬಿಸಿ ಮಾಡಿ ಬಿಡಿಸುತ್ತಿದ್ದೇನೆ, ನಿನ್ನೆಗೆ ಐದನೇ ಫ್ರೆಟ್‌ವರೆಗೆ ಎದ್ದಿದೆ. ಹೊಸ ಮೇಪಲ್ ತುಂಡೊಂದು ಕಪಾಟಿನ ಮೇಲೆ ಒಣಗುತ್ತಿದೆ. ಹೊಸ ಗಿಟಾರಿನ ನೆಕ್ಕನ್ನು ಇಂದು ಬೆಳಿಗ್ಗೆ ಮತ್ತೆ ಅಳೆದೆ: ರಾತ್ರಿಯಿಡೀ ತಂತಿಯ ಎಳೆತದಲ್ಲಿದ್ದು ಏಳನೇ ಫ್ರೆಟ್ ಬಳಿ 0.4 ಮಿಲಿಮೀಟರ್ ಬಾಗಿತ್ತು. ರಾಡನ್ನು ಕಾಲು ಸುತ್ತು ತಿರುಗಿಸಿದೆ, ಈಗ 0.25. ವಾರದ ಕೊನೆಗೆ ಮತ್ತೊಮ್ಮೆ ಅಳೆದು ಇಲ್ಲಿಯೇ ಬರೆಯುತ್ತೇನೆ.